ಹಾಸ್ಟೆಲ್ ಬಾಗಿಲಾಚೆಯ ಪಾಠ

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ, ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿರುವ ನಾಲ್ವರು ವಿದ್ಯಾರ್ಥಿನಿಯರ ಪರವಾಗಿ ಮಾಡಿದ ಭಾಷಣ)





ಮೈಕಿನ ಮುಂದೆ ನಿಂತವಳು ಒಬ್ಬಳಾದರೂ ಈ ಮಾತು ನಾಲ್ವರದು. ಒಬ್ಬಳು ಹಾಸನದವಳು, ಒಬ್ಬಳು ಬಳ್ಳಾರಿಯವಳು, ಇಬ್ಬರು ಶಿವಮೊಗ್ಗ ಜಿಲ್ಲೆಯವರು. 2022ರ ಸೆಪ್ಟೆಂಬರ್‌ನಿಂದ ಒಂದೇ ಕೋಣೆಯಲ್ಲಿದ್ದೇವೆ. ಮೂರು ವರ್ಷದ ಓದು ಮುಗಿದು ಈಗ ರಜೆಗೆ ಬಂದಿದ್ದೇವೆ.

ಕಾರ್ಯದರ್ಶಿಯವರು ನಮಗೆ ಕೊಟ್ಟ ವಿಷಯ ‘ವಿದೇಶದಲ್ಲಿ ನಮ್ಮ ಓದು’. ಆದರೆ ದಾನಿಗಳೊಬ್ಬರು ಅವರನ್ನು ಕೇಳಿದ ಪ್ರಶ್ನೆಯೊಂದು ನಮ್ಮ ಕಿವಿಗೂ ಬಿತ್ತು. “ಆ ಮಕ್ಕಳು ಕಳಿಸುವ ಫೋಟೊಗಳಲ್ಲಿ ಪುಸ್ತಕಕ್ಕಿಂತ ಬೆಟ್ಟವೇ ಹೆಚ್ಚು ಕಾಣುತ್ತದಲ್ಲ?” ಇದು ಕೇಳಲೇಬೇಕಾದ ಪ್ರಶ್ನೆ. ಕೊಟ್ಟವರಿಗೆ ಕೇಳುವ ಹಕ್ಕಿದೆ, ಪಡೆದವರಿಗೆ ಉತ್ತರ ಹೇಳುವ ಹೊಣೆಯಿದೆ. ಹಾಗಾಗಿ ಇಂದು ನಮ್ಮ ಭಾನುವಾರಗಳ ಬಗ್ಗೆಯೇ ಮಾತಾಡುತ್ತೇವೆ.

ಮೊದಲು ಹಣದ ಮಾತು. ಟ್ರಸ್ಟ್ ಕೊಡುವುದು ಕಾಲೇಜು ಶುಲ್ಕದ ಒಂದು ಭಾಗ. ಅದು ನೇರವಾಗಿ ಕಾಲೇಜಿಗೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ತಿರುಗಾಟದ ಖರ್ಚು ನಮ್ಮ ಅಡುಗೆಯ ಉಳಿತಾಯದ್ದು. ನಾಲ್ವರೂ ಸರದಿಯ ಮೇಲೆ ಅನ್ನ, ಬೇಳೆ ಸಾರು ಮಾಡಿಕೊಳ್ಳುತ್ತೇವೆ. ಹೊರಗಿನಿಂದ ಊಟ ತರಿಸದೆ ಉಳಿದ ಹಣ ಒಂದು ಡಬ್ಬಿಗೆ ಬೀಳುತ್ತದೆ, ಒಂದು ನೋಟ್‌ಬುಕ್ಕಿನಲ್ಲಿ ಅದರ ಲೆಕ್ಕವಿದೆ. ಅಲ್ಲಿ ಮರ್ಶ್ರುತ್ಕಾ ಎಂಬ ಚಿಕ್ಕ ವ್ಯಾನುಗಳು ಓಡುತ್ತವೆ, ನಮ್ಮ ಟೆಂಪೊ ಟ್ರಾವೆಲರ್ ಇದ್ದಂತೆ. ಬುತ್ತಿ ಕಟ್ಟಿಕೊಂಡು ಅದರಲ್ಲಿ ಹೋಗಿ ಬಂದರೆ ಒಂದು ಭಾನುವಾರದ ಖರ್ಚು ಹೊರಗಿನ ಒಂದು ಊಟದಷ್ಟೂ ಆಗುವುದಿಲ್ಲ. ನೋಟ್‌ಬುಕ್ ತಂದಿದ್ದೇವೆ, ಯಾರು ಬೇಕಾದರೂ ನೋಡಬಹುದು.

ಇನ್ನು ಊರಿನ ಮಾತು. ಬಿಷ್ಕೆಕ್ ಬೆಟ್ಟದ ತುದಿಯಲ್ಲಿಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ, ಅಂದರೆ ಬೆಂಗಳೂರಿಗಿಂತ ಸ್ವಲ್ಪ ತಗ್ಗು. ಆದರೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಹಿಮ ಹೊತ್ತ ಗೋಡೆಯೊಂದು ಎದ್ದು ನಿಲ್ಲುತ್ತದೆ. ಅದು ತಿಯಾನ್ ಶಾನ್ ಪರ್ವತಗಳ ಕಿರ್ಗಿಜ್ ಶ್ರೇಣಿ. ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಅಲಾ-ಅರ್ಚಾ ರಾಷ್ಟ್ರೀಯ ಉದ್ಯಾನವಿದೆ. ವಾಹನ ನಿಲ್ಲುವ ಜಾಗವೇ 2,100 ಮೀಟರ್‌ಗೂ ಮೇಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ನಮ್ಮ ನಾಡಿನ ನೆತ್ತಿಗಿಂತ ಮೇಲೆ ಅವರ ನಡಿಗೆಯ ದಾರಿ ಶುರುವಾಗುತ್ತದೆ.

ಮೊದಲ ವರ್ಷ ಹೊಳೆಯ ಬದಿಗೆ ನಡೆದು ಹಿಂದಿರುಗಿದ್ದಷ್ಟೇ. ಹಿಮನದಿಯಿಂದ ಇಳಿದು ಬರುವ ಆ ನೀರಲ್ಲಿ ವುಝೂ ಮಾಡಿದರೆ ಬೆರಳುಗಳು ಮರಗಟ್ಟಿ, ಸಾಲ್ವಾರಿನ ಲಾಡಿ ಬಿಗಿಯಲೂ ಒಬ್ಬರಿಗೊಬ್ಬರ ಸಹಾಯ ಬೇಕಾಗುತ್ತಿತ್ತು. ಎರಡನೆಯ ವರ್ಷ, ಸೀನಿಯರ್ ಅಕ್ಕಂದಿರಿಬ್ಬರ ಜೊತೆ ಅಕ್-ಸಾಯ್ ಜಲಪಾತ ದಾಟಿ ರಾತ್ಸೆಕ್ ಎಂಬ ತಂಗುದಾಣದ ಕಡೆಗೆ ಹೊರಟೆವು. ಅದು ಸುಮಾರು 3,300 ಮೀಟರ್ ಎತ್ತರದಲ್ಲಿದೆ. ಹೊರಡುವ ಮುಂಚೆಯೇ ಅಕ್ಕಂದಿರು ಎರಡು ಕಟ್ಟಳೆ ಹಾಕಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಇಳಿಯಲು ಶುರು ಮಾಡಬೇಕು. ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ ಬಂದರೆ ಗಂಟೆ ಎಷ್ಟೇ ಆಗಿರಲಿ, ಎಲ್ಲರೂ ಇಳಿಯಬೇಕು.

ಜಲಪಾತದ ಮೇಲಿನ ಕಡಿದಾದ ಏರಿನಲ್ಲಿ ಬಳ್ಳಾರಿಯ ಗೆಳತಿಗೆ ತಲೆ ಸಿಡಿಯತೊಡಗಿತು, ವಾಕರಿಕೆಯೂ ಬಂತು. ತಂಗುದಾಣ ಇನ್ನು ಸ್ವಲ್ಪವೇ ದೂರ ಎಂದು ಮೇಲಿನಿಂದ ಬಂದವರು ಹೇಳಿದರು. ಅವಳೂ “ನನಗೋಸ್ಕರ ನಿಲ್ಲಬೇಡಿ, ಇಲ್ಲೇ ಕೂತಿರ್ತೀನಿ” ಎಂದಳು. ಅಕ್ಕಂದಿರು ಮಾತು ಬೆಳೆಸಲಿಲ್ಲ. ಆರು ಜನರೂ ಇಳಿದೆವು. ಕೆಳಗೆ ಬರುತ್ತಿದ್ದಂತೆ ಅವಳ ತಲೆನೋವು ಇಳಿಯಿತು.

ಪಠ್ಯಪುಸ್ತಕದಲ್ಲಿ ಓದಿದ್ದು ಅಂದು ಮೈಗೆ ಹತ್ತಿತು. ಎತ್ತರದಲ್ಲಿ ಗಾಳಿಯಲ್ಲಿನ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಅಲ್ಲೂ ಶೇಕಡಾ 21. ಬದಲಾಗುವುದು ಗಾಳಿಯ ಒತ್ತಡ. 3,300 ಮೀಟರ್‌ನಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟಿರುತ್ತದೆ. ಹಾಗಾಗಿ ಒಂದೊಂದು ಉಸಿರಿಗೂ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆ. ಎತ್ತರದ ಕಾಯಿಲೆಗೆ ಎಲ್ಲಕ್ಕಿಂತ ಖಾತ್ರಿಯಾದ ಮದ್ದು ಕೆಳಗಿಳಿಯುವುದು. ರೋಗಿಯ ಮುಂದೆ ನಿಂತಾಗ “ಇನ್ನು ಸ್ವಲ್ಪ ನೋಡೋಣ” ಎನ್ನುವ ಆಸೆಯನ್ನು ಯಾವಾಗ ಬಿಡಬೇಕು ಎಂಬುದೂ ವೈದ್ಯರಿಗೆ ಗೊತ್ತಿರಬೇಕಲ್ಲ. ನಮಗೆ ಅದರ ಮೊದಲ ಪಾಠ ಆಗಿದ್ದು ಆ ಇಳಿಜಾರಿನಲ್ಲಿ.

ಮೂರನೆಯದು ಭಾಷೆ. ಇಲ್ಲಿ ಹೊಸದಾಗಿ ಅರ್ಜಿ ಹಾಕುವ ಮನೆಯವರು ದಯವಿಟ್ಟು ಗಮನಿಸಬೇಕು. ನಮ್ಮ ದೇಶದ ವೈದ್ಯಕೀಯ ಆಯೋಗದ 2021ರ ನಿಯಮದಂತೆ ವಿದೇಶದ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಅದರ ಮೇಲೆ ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು. ಪಾಠವೇನೋ ಇಂಗ್ಲಿಷಿನಲ್ಲಿದೆ. ಆದರೆ ಮಂಚದ ಮೇಲೆ ಮಲಗಿರುವ ರೋಗಿ ಮಾತಾಡುವುದು ಕಿರ್ಗಿಜ್ ಇಲ್ಲವೇ ರಷ್ಯನ್. ಭಾಷೆ ಬಾರದವರು ವಾರ್ಡಿನಲ್ಲಿ ಗೋಡೆಗೆ ಒರಗಿ ನಿಂತು ಬರುತ್ತಾರೆ. ಮರಳಿ ಬಂದ ಮೇಲೆ ಇಲ್ಲಿ ಬರೆಯಬೇಕಾದ ಪರೀಕ್ಷೆಯಲ್ಲಿ 300 ಪ್ರಶ್ನೆಗಳು, ಪಾಸಾಗಲು 150 ಅಂಕ ಬೇಕು. ರೋಗಿಯನ್ನು ಮುಟ್ಟಿ, ಮಾತಾಡಿಸಿ ಕಲಿಯದೆ ಗೋಡೆಗೊರಗಿ ಕಲಿತದ್ದು ಅಲ್ಲಿ ಎಷ್ಟು ದೂರ ಕೈ ಹಿಡಿದೀತು?

ನಮಗೆ ಕಿರ್ಗಿಜ್ ಬಂದದ್ದು ಭಾನುವಾರಗಳಿಂದ. ಬಿಷ್ಕೆಕ್‌ನಿಂದ ಸುಮಾರು 80 ಕಿಲೋಮೀಟರ್ ಪೂರ್ವಕ್ಕೆ, ತೊಕ್ಮೊಕ್ ಪಟ್ಟಣದ ಬಳಿ, ಬುರಾನಾ ಗೋಪುರವಿದೆ. ಹನ್ನೊಂದನೆಯ ಶತಮಾನದಲ್ಲಿ ಬಾಲಾಸಾಗುನ್ ಎಂಬ ನಗರದಲ್ಲಿ ಕಟ್ಟಿದ ಮಿನಾರ್ ಅದು. ಹಿಂದೆ ಸುಮಾರು 45 ಮೀಟರ್ ಇತ್ತಂತೆ, ಭೂಕಂಪದಲ್ಲಿ ಮೇಲ್ಭಾಗ ಬಿದ್ದು ಈಗ 25 ಮೀಟರ್‌ನಷ್ಟಿದೆ. ಅದನ್ನು ನೋಡಲು ಹೋದ ದಿನ ಮರ್ಶ್ರುತ್ಕಾದಲ್ಲಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಚೀಲದಿಂದ ರೊಟ್ಟಿ ಮುರಿದು ಕೊಟ್ಟು “ನಾನ್” ಎಂದರು. ನಾವೂ “ನಾನ್” ಎಂದೆವು. “ರಹಮತ್” ಎಂದರೆ ಥ್ಯಾಂಕ್ಸ್. ಆಮೇಲೆ ಆಟವೇ ಶುರುವಾಯಿತು. ಪುಸ್ತಕ ಅವರಿಗೆ ಕಿತೆಪ್, ನಮಗೆ ಕಿತಾಬು. ಸ್ನೇಹಿತ ದೋಸ್, ನಮಗೆ ದೋಸ್ತ್. ಊರು ಶಾರ್, ನಮಗೆ ಶಹರು. ಲೋಕ ದುಯ್ನೊ, ನಮಗೆ ದುನಿಯಾ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿ ಬೆಳೆದ ನಮಗೆ ಆ ಭಾಷೆಯ ಬಾಗಿಲು ಅರ್ಧ ತೆರೆದೇ ಇತ್ತು. ಅದು ತಿಳಿದದ್ದು ವ್ಯಾನಿನಲ್ಲಿ.

ರೊಟ್ಟಿಯನ್ನು ಅವರು ಬೋರಲು ಇಡುವುದಿಲ್ಲ, ನೆಲಕ್ಕೆ ಬಿದ್ದರೆ ತುಳಿಯುವುದಿಲ್ಲ. ಅನ್ನದ ಅಗುಳು ಚೆಲ್ಲಿದರೆ ಗದರುವ ನಮ್ಮ ಅಜ್ಜಿಯರು ನೆನಪಾದರು. ಬೇಸಿಗೆಯಲ್ಲಿ ಅಲ್ಲಿನ ಕುರುಬರು ಕುದುರೆ, ಕುರಿಗಳೊಂದಿಗೆ ಎತ್ತರದ ಹುಲ್ಲುಗಾವಲಿಗೆ ಹೋಗಿ ಡೇರೆಗಳಲ್ಲಿ ಇರುತ್ತಾರೆ. ಆ ಜಾಗಕ್ಕೆ ಜಯ್ಲೋ ಎನ್ನುತ್ತಾರೆ. ಅಂಥ ಡೇರೆಯಲ್ಲಿ ನಮಗೆ ಕುಮಿಸ್ ಕೊಡಲು ಬಂದರು. ಹುಳಿ ಬರಿಸಿದ ಕುದುರೆ ಹಾಲು ಅದು, ಹುಳಿಯುವಾಗ ಸ್ವಲ್ಪ ಮದ್ಯಸಾರವೂ ಆಗುತ್ತದೆ. ಎದೆಯ ಮೇಲೆ ಕೈಯಿಟ್ಟು ಬೇಡವೆಂದೆವು. ಯಾರೂ ಬೇಸರಿಸಲಿಲ್ಲ, ಬಿಸಿ ಚಹಾ, ಕರಿದ ಬೋರ್ಸೋಕ್ ಬಂದವು. ಬೇಡ ಎನ್ನುವುದನ್ನೂ ಮರ್ಯಾದೆಯಿಂದ ಹೇಳಲು ಭಾಷೆ ಬೇಕು.

ಇದರ ಫಲ ಮೂರನೆಯ ವರ್ಷ ಸಿಕ್ಕಿತು. ವಾರ್ಡಿನಲ್ಲಿ ವಯಸ್ಸಾದ ತಾಯಿಯೊಬ್ಬರು ಉಬ್ಬಸಪಡುತ್ತ ಮಲಗಿದ್ದರು, ಕಾಲು ಊದಿತ್ತು. ನಮ್ಮಲ್ಲೊಬ್ಬಳು ಬಗ್ಗಿ “ಅಪಾ, ಕಯ್ಸಿ ಜೆರಿಂಗಿಜ್ ಓರುಯ್ತ್?” ಎಂದು ಕೇಳಿದಳು. ಅಪಾ ಎಂದರೆ ಅಮ್ಮ, ಎಲ್ಲಿ ನೋಯುತ್ತದೆ ಎಂಬ ಪ್ರಶ್ನೆ ಅದು. ಆ ತಾಯಿ ಅವಳ ಕೈ ಹಿಡಿದುಕೊಂಡು ಮಾತಾಡತೊಡಗಿದರು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಜಯ್ಲೋ ಎಂಬ ಮಾತು ಎರಡು ಮೂರು ಸಲ ಬಂತು. ನಮ್ಮ ಪ್ರಾಧ್ಯಾಪಕಿಗೆ ಹೇಳಿದೆವು. ಅವರು ವಿವರವಾಗಿ ವಿಚಾರಿಸಿದಾಗ, ಆ ತಾಯಿ ಹೆಚ್ಚುಕಾಲ ಬಹಳ ಎತ್ತರದಲ್ಲಿ ಬದುಕಿದವರು, ಕೆಳಗೆ ಬಂದಾಗ ಉಸಿರು ಹಗುರಾಗುತ್ತದೆ ಎಂಬುದು ತಿಳಿಯಿತು.

ಪ್ರಾಧ್ಯಾಪಕಿ ಅಂದಿನ ಪಾಠವನ್ನು ಅಲ್ಲಿಂದಲೇ ತೆಗೆದರು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ವರ್ಷಗಟ್ಟಲೆ ಹಾಗೇ ಆದರೆ ಕೆಲವರಲ್ಲಿ ಅಲ್ಲಿನ ರಕ್ತದೊತ್ತಡ ಏರಿ, ಹೃದಯದ ಬಲಭಾಗ ದಣಿಯುತ್ತದೆ. ಕಾಲು ಊದುವುದು ಅದರ ಒಂದು ಗುರುತು. ಬೆಟ್ಟದ ಜನರ ಈ ತೊಂದರೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಬಿಷ್ಕೆಕ್‌ನ ಹೃದ್ರೋಗ ತಜ್ಞ ಮಿರ್ಸಾಯಿದ್ ಮಿರ್ರಖಿಮೋವ್. ಅಲ್ಲಿನ ರಾಷ್ಟ್ರೀಯ ಹೃದ್ರೋಗ ಕೇಂದ್ರಕ್ಕೆ ಅವರದೇ ಹೆಸರಿದೆ. ಆ ತಾಯಿಯ ಬಾಯಿಂದ ಬಂದ ಒಂದು ಪದ ನಮಗೆ ಅರ್ಥವಾಗದಿದ್ದರೆ ಈ ಪಾಠ ನಮ್ಮ ಪಾಲಿಗೆ ಆ ದಿನ ಇರುತ್ತಿರಲಿಲ್ಲ. ಆ ಪದ ನಾವು ಕಲಿತದ್ದು ಡೇರೆಯಲ್ಲಿ, ಚಹಾ ಕುಡಿಯುತ್ತ.

ಸಿಹಿಯನ್ನಷ್ಟೇ ಹೇಳಿ ಕೂರುವುದು ಸರಿಯಲ್ಲ. 2024ರ ಮೇ 17ರ ರಾತ್ರಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ದಾಳಿ ಮಾಡಿದ್ದನ್ನು ನೀವೂ ಸುದ್ದಿಯಲ್ಲಿ ನೋಡಿದ್ದೀರಿ. ಹೊರಗೆ ಬರಬೇಡಿ ಎಂದು ನಮ್ಮ ರಾಯಭಾರ ಕಚೇರಿ ಸೂಚಿಸಿತ್ತು. ದೀಪ ಆರಿಸಿ, ಬಾಗಿಲಿಗೆ ಮಂಚ ಅಡ್ಡವಿಟ್ಟು ಕೂತೆವು. ಮನೆಗಳಿಂದ ಫೋನಿನ ಮೇಲೆ ಫೋನು. ಮರುದಿನ ಮಧ್ಯಾಹ್ನ ಹಾಸ್ಟೆಲ್ ಕಾವಲುಗಾರರು ಒಂದು ಗಂಟು ತಂದುಕೊಟ್ಟರು. ಪ್ರತಿ ಭಾನುವಾರ ನಾವು ನಾನ್ ಕೊಳ್ಳುತ್ತಿದ್ದ ಅಂಗಡಿಯ ಎಜೆ, ಅಂದರೆ ಅಕ್ಕ, ಎಂಟು ರೊಟ್ಟಿ ಕಳಿಸಿದ್ದರು. ಹಣ ತೆಗೆದುಕೊಳ್ಳಲಿಲ್ಲ.

ಒಂದು ಗಂಟು ರೊಟ್ಟಿ ಆ ರಾತ್ರಿಯನ್ನು ಅಳಿಸುವುದಿಲ್ಲ. ನಾಲ್ವರೂ ಊರಿಗೆ ಬಂದೆವು. ಹಾಸನದ ಗೆಳತಿಯ ಅಬ್ಬಾ “ಇನ್ನು ಸಾಕು ಮಗಳೇ, ಬಿ.ಎಸ್ಸಿ. ಓದು” ಎಂದೇ ತೀರ್ಮಾನಿಸಿದ್ದರು. ಅವರನ್ನು ಒಪ್ಪಿಸಲು ನಮ್ಮ ಬಳಿ ವಾದವೇನೂ ಇರಲಿಲ್ಲ. ಅವಳು ಮಾತ್ರ, ಅಲ್ಲಿ ಕಷ್ಟ ಬಂದರೆ ಯಾರ ಬಾಗಿಲು ತಟ್ಟಬಹುದು ಎಂದು ಬರೆದು ತೋರಿಸಿದಳು. ರೊಟ್ಟಿ ಅಂಗಡಿಯ ಎಜೆ, ತೊಕ್ಮೊಕ್‌ನ ಅಜ್ಜಿ, ಗ್ರಂಥಾಲಯದ ಮೇಡಂ, ಸೀನಿಯರ್ ಅಕ್ಕಂದಿರು. ಆ ಪಟ್ಟಿಯನ್ನು ಅಬ್ಬಾ ಎರಡು ದಿನ ಜೇಬಿನಲ್ಲಿಟ್ಟುಕೊಂಡರು. ಮೂರನೆಯ ದಿನ ಟಿಕೆಟ್ ಮಾಡಿಸಿದರು. ಹಾಸ್ಟೆಲ್‌ನೊಳಗೇ ಕೂತಿದ್ದರೆ ಆ ಪಟ್ಟಿಯಲ್ಲಿ ಬರೆಯಲು ಹೆಸರುಗಳೇ ಇರುತ್ತಿರಲಿಲ್ಲ.

ಕಳೆದ ಮೇ ರಜೆಯಲ್ಲಿ ಸುಮಾರು 400 ಕಿಲೋಮೀಟರ್ ದೂರದ ಕರಕೋಲ್‌ವರೆಗೂ ಹೋಗಿ ಬಂದೆವು. ದಾರಿಯಲ್ಲಿ ಇಸಿಕ್-ಕುಲ್ ಸರೋವರ. 1,600 ಮೀಟರ್ ಎತ್ತರದಲ್ಲಿದ್ದರೂ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವುದಿಲ್ಲ, ಬಹಳ ಆಳ, ನೀರೂ ಸ್ವಲ್ಪ ಉಪ್ಪು. ಹೆಸರಿನ ಅರ್ಥವೇ ಬೆಚ್ಚಗಿನ ಕೊಳ. ಕರಕೋಲ್‌ನಲ್ಲಿ ಚೀನಾದಿಂದ ಹಿಮದಾರಿ ದಾಟಿ ಬಂದ ಡುಂಗಾನ್ ಮುಸ್ಲಿಮರು 1910ರಲ್ಲಿ ಪೂರ್ಣಗೊಳಿಸಿದ ಮರದ ಮಸೀದಿಯಿದೆ. ಹೊರಗಿನಿಂದ ನೋಡಿದರೆ ಚೀನೀ ಗುಡಿಯಂತೆ ಬಾಗಿದ ಮಾಡು, ಕಂಬಗಳಿಗೆ ಕೆಂಪು ಬಣ್ಣ. ಕಬ್ಬಿಣದ ಮೊಳೆಯಿಲ್ಲದೆ ಕಟ್ಟಿದ್ದು ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಎಲ್ಲವನ್ನೂ ಕಳೆದುಕೊಂಡು ಬಂದವರು ತಮಗೆ ಗೊತ್ತಿದ್ದ ಕಸುಬಿನಲ್ಲೇ ಹೊಸ ನೆಲದಲ್ಲಿ ಬೇರು ಬಿಟ್ಟಿದ್ದರು. ನಾವು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆವು.

ಈ ವರ್ಷ ಹೊರಡುವ ತಮ್ಮ ತಂಗಿಯರಿಗೆ ನಮ್ಮ ಅನುಭವದ ನಾಲ್ಕು ಮಾತು. ಒಂಟಿಯಾಗಿ ಎಲ್ಲಿಗೂ ಹೋಗಬೇಡಿ, ದಾರಿ ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಹಾಸ್ಟೆಲ್‌ನಲ್ಲೂ ಮನೆಯಲ್ಲೂ ತಿಳಿಸಿ. ಪರೀಕ್ಷೆಯ ಹಿಂದಿನ ಎರಡು ವಾರ ಬೆಟ್ಟ ಅಲ್ಲೇ ಇರಲಿ, ಅದು ಎಲ್ಲಿಗೂ ಹೋಗುವುದಿಲ್ಲ. ಮತ್ತು ಮೊದಲ ತಿಂಗಳಿನಿಂದಲೇ ದಿನಕ್ಕೆ ಐದು ಪದ ಕಲಿಯಿರಿ. ತಂದೆ ತಾಯಂದಿರಲ್ಲಿ ಒಂದು ವಿನಂತಿ. ಫೋನ್ ಮಾಡಿದಾಗ “ಓದಿದೆಯಾ, ಉಂಡೆಯಾ” ಎಂಬುದರ ಜೊತೆಗೆ “ಈ ವಾರ ಯಾರನ್ನು ಮಾತಾಡಿಸಿದೆ” ಎಂದೂ ಕೇಳಿ.

ದಾನಿಗಳಲ್ಲಿ ತಿರುಗಾಟಕ್ಕೆ ಹಣ ಕೇಳುವುದಿಲ್ಲ, ಅದಕ್ಕೆ ನಮ್ಮ ಡಬ್ಬಿ ಸಾಕು. ಹೊಸದಾಗಿ ಹೋಗುವ ಮಕ್ಕಳಿಗೆ ಹೊರಡುವ ಮುಂಚೆ ಮೂರು ತಿಂಗಳು ಅಲ್ಲಿನ ಭಾಷೆ ಕಲಿಸುವ ಏರ್ಪಾಟು ಟ್ರಸ್ಟ್ ಮಾಡಿದರೆ ಅದು ಶುಲ್ಕದಷ್ಟೇ ದೊಡ್ಡ ಸಹಾಯ. ಅಕ್ಷರ, ಅಂಕಿ, ದೇಹದ ಭಾಗಗಳ ಹೆಸರು, ಎಲ್ಲಿ ನೋಯುತ್ತದೆ ಎಂಬ ಪ್ರಶ್ನೆ, ಇಷ್ಟಾದರೂ ಸಾಕು. ರಜೆಯಲ್ಲಿರುವ ಆರು ವಾರ, ಪ್ರತಿ ಭಾನುವಾರ ಬೆಳಿಗ್ಗೆ, ಟ್ರಸ್ಟ್ ಕಚೇರಿಯಲ್ಲಿ ನಾವೇ ಅದನ್ನು ಶುರು ಮಾಡುತ್ತೇವೆ. ಶುಲ್ಕವಿಲ್ಲ. ನೋಟ್‌ಬುಕ್, ಪೆನ್ನು ತನ್ನಿ.

ನಿಮ್ಮ ಹಣ ನಮ್ಮ ಬಳಿ ಅಮಾನತ್. ಅದರ ಲೆಕ್ಕವನ್ನು ಮುಂದೆ ರೋಗಿಗಳ ಪಕ್ಕದಲ್ಲಿ ನಿಂತು ಒಪ್ಪಿಸುವಂತಾಗಲಿ ಎಂದು ನಮಗಾಗಿ ದುಆ ಮಾಡಿ.