ಚಳಿಜ್ವರದ ಖಾತೆ ಪುಸ್ತಕ

(ನಾಗಪುರದ ಸಿವಿಲ್ ಲೈನ್ಸಿನಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕುರಿತು ಮಾತನಾಡುವುದು ವಾಡಿಕೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಹೇಳುತ್ತಾರೆ. ನಾವು ಇಂದು ಚಳಿಜ್ವರವನ್ನು, ಎಂದರೆ ಮಲೇರಿಯವನ್ನು ಕುರಿತು ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇವೆ. ಮಂಗಳಕರವಾದ ದಿನ ಜ್ವರದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮಲೆನಾಡಿನ ಮನೆತನದವರಲ್ಲಿ ಈ ಜ್ವರದ ಹಾವಳಿಯನ್ನು ಹಿರಿಯರ ಬಾಯಿಂದ ಕೇಳದವರು ವಿರಳ. ನಾವು ಬಂದು ನೆಲಸಿದ ಈ ವಿದರ್ಭದಲ್ಲಿಯೂ ಗಡಚಿರೋಲಿಯ ಕಾಡಿನ ಹಳ್ಳಿಗಳನ್ನು ಅದು ಇನ್ನೂ ಬಿಟ್ಟಿಲ್ಲ. 2023ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 5 ಲಕ್ಷ 97 ಸಾವಿರ ಜನ ಇದರಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಬಹುಪಾಲು ಆಫ್ರಿಕದ ಎಳೆಯ ಮಕ್ಕಳು.

ಈ ಜ್ವರಕ್ಕೆ ಕಾರಣವಾದುದು ನಮ್ಮ ರಕ್ತದಲ್ಲಿ ಬಿಟ್ಟಿ ಊಟ ಉಣ್ಣುವ ಒಂದು ಸೂಕ್ಷ್ಮ ಪರಾವಲಂಬಿ ಜೀವಿ. ಸೊಳ್ಳೆಯ ಹೊಟ್ಟೆಯಲ್ಲಿ ಅದು ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದನು. ಅದಾಗಿ ನೂರೈದು ವರ್ಷಗಳ ಬಳಿಕ, 2002ರಲ್ಲಿ, ಈ ಜಾತಿಯ ಅತ್ಯಂತ ಘಾತುಕ ಜೀವಿಯಾದ ಪ್ಲಾಸ್ಮೋಡಿಯಮ್ ಫಾಲ್ಸಿಪಾರಮಿನ ವಂಶವಾಹಿಗಳೆಲ್ಲವನ್ನೂ ಓದಿ ಪ್ರಕಟಿಸಿದರು. ಹದಿನಾಲ್ಕು ವರ್ಣತಂತುಗಳು, ಸುಮಾರು 2 ಕೋಟಿ 28 ಲಕ್ಷ ಅಕ್ಷರಗಳು, 5,300ರಷ್ಟು ವಂಶವಾಹಿಗಳು. ಇವೆಲ್ಲವನ್ನೂ ಜೋಡಿಸಿಟ್ಟ ಗಣಕಯಂತ್ರದ ಭಂಡಾರಕ್ಕೆ ಪ್ಲಾಸ್ಮೋಡಿಬಿ ಎಂದು ಹೆಸರು.

ಬ್ಯಾಂಕಿನಲ್ಲಿ ಖಾತೆ ಬರೆಯುವ ನಮಗೆ ಇದು ಒಂದು ಮಹಾ ಲೆಡ್ಜರಿನಂತೆ ಕಾಣುತ್ತದೆ. ಒಂದೊಂದು ವಂಶವಾಹಿಗೂ ಒಂದು ಖಾತೆ ಸಂಖ್ಯೆ, ಒಂದು ಪುಟ. 0709000 ಎಂಬ ಸಂಖ್ಯೆಯನ್ನು ನೋಡಿರಿ. ಮೊದಲ ಎರಡು ಅಂಕಿಗಳು ಅದು ಏಳನೆಯ ವರ್ಣತಂತುವಿನಲ್ಲಿದೆ ಎಂಬುದನ್ನು ತಿಳಿಸುತ್ತವೆ. ಕ್ಲೋರೋಕ್ವಿನ್ ಮದ್ದಿಗೆ ಈ ಜೀವಿ ಜಗ್ಗದಂತಾದುದು ಈ ವಂಶವಾಹಿಯಲ್ಲಿ ಆದ ಬದಲಾವಣೆಗಳಿಂದ. ಅದರ ಪುಟವನ್ನು ತೆರೆದರೆ ಅಕ್ಷರಗಳ ಸಾಲು, ಜೀವಿಯ ಬಾಳಿನ ಯಾವ ಹಂತದಲ್ಲಿ ಅದು ದುಡಿಯುತ್ತದೆ, ಬೇರೆ ಬೇರೆ ನಾಡುಗಳಲ್ಲಿ ಅದು ಹೇಗೆ ಮಾರ್ಪಟ್ಟಿದೆ ಎಂಬುದೆಲ್ಲ ಕಾಣುತ್ತದೆ. ಅಷ್ಟೇ ಅಲ್ಲ, ಎರಡು ಪಟ್ಟಿಗಳನ್ನು ತಾಳೆ ನೋಡಲೂಬಹುದು. ಈ ಜೀವಿಯಲ್ಲಿ ಉಂಟು, ಮನುಷ್ಯನಲ್ಲಿ ಇಲ್ಲ, ಅಂಥ ವಂಶವಾಹಿಗಳಾವುವು ಎಂದು ಕೇಳಿದರೆ ಉತ್ತರ ಬರುತ್ತದೆ. ರೋಗಿಯನ್ನು ನೋಯಿಸದೆ ರೋಗವನ್ನು ಕೊಲ್ಲುವ ಮದ್ದನ್ನು ಹುಡುಕುವವರಿಗೆ ಇದಕ್ಕಿಂತ ಹೆಚ್ಚಿನ ಪ್ರಶ್ನೆ ಮತ್ತಾವುದಿದೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ ಎಂಬುದು ಹೆಮ್ಮೆಯ ಮಾತು. ಈ ಜೀವಿ ಕೊಬ್ಬಿನ ಆಮ್ಲಗಳನ್ನು ಮನುಷ್ಯನಂತೆ ಅಲ್ಲ, ಬ್ಯಾಕ್ಟೀರಿಯಗಳಂತೆ ಕಟ್ಟಿಕೊಳ್ಳುತ್ತದೆ ಎಂಬ ಸುಳಿವು 1998ರ ಹೊತ್ತಿಗೆ ವಂಶವಾಹಿಗಳಿಂದ ದೊರೆತಿತ್ತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಅವರೂ 2001ರಲ್ಲಿ ಒಂದು ಸಂಗತಿಯನ್ನು ಲೋಕದ ಮುಂದಿಟ್ಟರು. ಸಾಬೂನು, ಹಲ್ಲಿನ ಪೇಸ್ಟುಗಳಲ್ಲಿ ಬಳಕೆಯಲ್ಲಿದ್ದ ಟ್ರೈಕ್ಲೋಸಾನ್ ಎಂಬ ರಾಸಾಯನಿಕವು ಈ ಜೀವಿಯ ಒಂದು ಕಿಣ್ವವನ್ನು ತಡೆಯುತ್ತದೆ. ಮಲೇರಿಯ ತಗುಲಿದ ಇಲಿಗಳನ್ನೂ ಅದು ಕಾಪಾಡಿತು. ಬೆಂಗಳೂರಿನ ಈ ಶೋಧ ಜಗತ್ತಿನ ಗಮನ ಸೆಳೆಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಬೇರೆ ವಿಜ್ಞಾನಿಗಳು ಆ ವಂಶವಾಹಿಯನ್ನೇ ತೆಗೆದುಹಾಕಿ ನೋಡಿದಾಗ, ರಕ್ತದಲ್ಲಿರುವಾಗ ಜೀವಿಗೆ ಅದು ಬೇಕೇ ಇಲ್ಲವೆಂದೂ, ಯಕೃತ್ತಿನಲ್ಲಿ ಬೆಳೆಯುವ ಕೊನೆಯ ಹಂತದಲ್ಲಿ ಮಾತ್ರ ಬೇಕೆಂದೂ ತಿಳಿದುಬಂದಿತು. ಹಾಗಾದರೆ ಮೊದಲ ಶ್ರಮ ವ್ಯರ್ಥವೇ? ಅಲ್ಲವೇ ಅಲ್ಲ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಣವಿದೆ ಎನ್ನಲಾಗದು. ಪೆಟ್ಟಿಗೆ ತೆರೆದು ಎಣಿಸಿದಾಗಲೇ ನಿಜ. ಹಾಗೆಯೇ ಭಂಡಾರದ ಪುಟ ದಾರಿ ತೋರುತ್ತದೆ, ಪ್ರಯೋಗ ತೀರ್ಪು ಕೊಡುತ್ತದೆ. 2002ರಲ್ಲಿ ಓದಿದ ವಂಶವಾಹಿಗಳಲ್ಲಿ ನೂರಕ್ಕೆ ಅರವತ್ತರಷ್ಟು ಏನು ಕೆಲಸ ಮಾಡುತ್ತವೆಂಬುದೇ ಆಗ ತಿಳಿದಿರಲಿಲ್ಲ ಎಂದರೆ, ಉಳಿದಿದ್ದ ಕೆಲಸ ಎಷ್ಟೆಂದು ಊಹಿಸಬಹುದು.

ಇನ್ನು ಮುಖ್ಯವಾದ ಮಾತು. ಇಂಥ ಪುಸ್ತಕವನ್ನು ಯಾರು ಕಾಯಬೇಕು? ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಭಂಡಾರವು ಯಾರಿಂದಲೂ ಕಾಸು ಪಡೆಯದೆ ಬಡವ ಬಲ್ಲಿದರಿಗೆ ಸಮನಾಗಿ ತೆರೆದಿತ್ತು. ಅದರ ವೆಚ್ಚಕ್ಕೆ ಮುಖ್ಯ ಆಸರೆಯಾಗಿದ್ದುದು ಅಮೆರಿಕ ಸರಕಾರದ ಹಣ. 2024ರಲ್ಲಿ ಆ ಹಣ ನಿಂತಿತು. ನಡೆಸುವವರು ಬಳಸುವವರ ಮುಂದೆಯೇ ಚಂದಾಕ್ಕಾಗಿ ಕೈಯೊಡ್ಡಬೇಕಾಯಿತು. ಪುಸ್ತಕ ಬರೆದಿಟ್ಟರೆ ಸಾಲದು. ದಿನದಿನದ ಜಮಾ ಖರ್ಚು ಏರಿಸದಿದ್ದರೆ ಅದು ಹಳೆಯ ಕಾಗದವಾಗುತ್ತದೆ. ಚಳಿಜ್ವರದಿಂದ ನೊಂದವರು ಹೆಚ್ಚಾಗಿ ಬಡ ದೇಶದವರು. ಅವರ ರೋಗದ ಲೆಕ್ಕ ಒಂದೇ ಶ್ರೀಮಂತ ದೇಶದ ಕೃಪೆಯ ಮೇಲೆ ನಿಲ್ಲುವುದು ಒಳ್ಳೆಯದಲ್ಲ. ಈ ರೋಗವನ್ನು ಇಷ್ಟು ಕಾಲ ಅನುಭವಿಸಿದ ಭಾರತವೂ ಇಂಥ ಭಂಡಾರಗಳ ಖರ್ಚಿನಲ್ಲಿ ಪಾಲುಗೊಳ್ಳುವುದು ನ್ಯಾಯವೆಂದು ನಮ್ಮ ನಮ್ರ ಅಭಿಪ್ರಾಯ.

ತಾಯಂದಿರಲ್ಲಿ ಮತ್ತು ತಂದೆಯರಲ್ಲಿ ಒಂದು ಬಿನ್ನಹ. ನಮ್ಮ ಮಕ್ಕಳು ಇಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಜೀವಶಾಸ್ತ್ರ ಕಲಿಯುತ್ತಾರೆ. ಅವರು ಕಲಿತುದನ್ನು ಮನೆಯಲ್ಲಿ ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳುವಂತೆ ಮಾಡಿರಿ. ವಂಶವಾಹಿ ಎಂದರೇನೆಂದು ಅಜ್ಜಿಗೆ ತಿಳಿಯುವಂತೆ ಹೇಳಬಲ್ಲ ಮಗುವಿಗೆ ವಿಷಯವೂ ತಿಳಿದಿದೆ, ನುಡಿಯೂ ಉಳಿದಿದೆ. ಹೊಸ ತಿಳಿವನ್ನು ಹೊತ್ತ ನುಡಿಯೇ ಬೆಳೆಯುವ ನುಡಿ.

 ಸಿರಿಗನ್ನಡಂ ಗೆಲ್ಗೆ.