ಹಾಡದೆ ನಿಂತ ಮೂವರು ಮಕ್ಕಳು

ಹೈಸ್ಕೂಲಲ್ಲಿ ಓದಿದ ಸಂವಿಧಾನ ಎಷ್ಟು ನೆನಪಿದೆ? ವಿಧಿಗಳ ನಂಬರು, ಎರಡು ಮಾರ್ಕ್ಸಿನ ಪ್ರಶ್ನೆ, ಅಷ್ಟೇ ಅಲ್ವಾ? ನನ್ನ ಕೇಳಿದ್ರೆ, ಈ ಪಾಠ ಒಂದು ಕೇಸಿನಿಂದ ಶುರುವಾಗಬೇಕು.

1985, ಕೇರಳ. ಒಂದೇ ಮನೆಯ ಮೂವರು ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ತಿದ್ರು, ಆದರೆ ಹಾಡ್ತಿರಲಿಲ್ಲ. ಅದು ಅವರ ನಂಬಿಕೆ. ಶಾಲೆಯಿಂದ ತೆಗೆದುಹಾಕಿದರು. ಹೈಕೋರ್ಟಲ್ಲೂ ಸೋತರು.

ಟೀಚರ್ ಇಲ್ಲಿಗೆ ಕಥೆ ನಿಲ್ಲಿಸಬೇಕು. ಅರ್ಧ ಕ್ಲಾಸು ಶಾಲೆಯ ಪರ, ಇನ್ನರ್ಧ ಮಕ್ಕಳ ಪರ ವಾದಿಸಲಿ. ಆಮೇಲೆ ಪಕ್ಷ ಅದಲುಬದಲು ಮಾಡಿ.

ತೀರ್ಪು ಕೊನೆಗೆ. 1986ರಲ್ಲಿ ಸುಪ್ರೀಂ ಕೋರ್ಟ್, ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತು. ಹಾಡಲೇಬೇಕು ಅನ್ನೋ ಕಾನೂನೇ ಇಲ್ಲ, ಇರೋದು ಶಿಕ್ಷಣ ಇಲಾಖೆಯ ಸುತ್ತೋಲೆ. 19ನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕೋಕೆ ಸುತ್ತೋಲೆ ಸಾಲದು, ಕಾನೂನೇ ಬೇಕು. ಸುಮ್ಮನಿರೋದೂ ಆ ಸ್ವಾತಂತ್ರ್ಯದ ಭಾಗವೇ. ಜೊತೆಗೆ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯವೂ ಇದೆ.

ಈಗ ಆ ನಂಬರುಗಳು ಬಾಯಿಪಾಠ ಇಲ್ಲದೇ ನೆನಪಿರುತ್ತೆ. ಅದಕ್ಕಿಂತ ಮುಖ್ಯವಾಗಿ, ‘ಇದು ಯಾವ ಕಾನೂನಿನ ಪ್ರಕಾರ?’ ಅಂತ ಕೇಳೋದನ್ನ ಮಕ್ಕಳು ಕಲೀತಾರೆ.

‘ಹಿಂಗೆ ಕಲಿಸಿದ್ರೆ ಎದುರುತ್ತರ ಕೊಡ್ತಾರೆ’ ಅನ್ನೋ ಭಯ ಕೆಲವರಿಗಿದೆ. ಆದರೆ ಎದುರು ಪಕ್ಷದ ಪರವಾಗಿಯೂ ವಾದಿಸಿದ ಮಗು, ಕೇಳಿಸಿಕೊಳ್ಳೋದನ್ನೂ ಕಲಿತಿರುತ್ತೆ.

ಮನೆಯಲ್ಲಿ ಹೈಸ್ಕೂಲ್ ಓದೋ ತಮ್ಮ, ತಂಗಿ ಇದ್ರೆ ಇವತ್ತೇ ಈ ಕೇಸ್ ಹೇಳಿ. ತೀರ್ಪು ಮಾತ್ರ ಮೊದಲೇ ಹೇಳಬೇಡಿ!