‘ತಕ್ಕದ್ದು’ ಎಂಬ ಮಾತಿನ ತೂಕ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವ್ಯಾಕರಣವು ಪರೀಕ್ಷೆಯ ಅಂಕಗಳಿಗಾಗಿ ಓದುವ ವಿಷಯವೆಂದು ಅನೇಕರ ಭಾವನೆ. ಅದು ಪ್ರಾಣರಕ್ಷಣೆಗೂ ಒದಗುವುದೆಂಬುದನ್ನು ಇಂದು ನಿವೇದಿಸಿಕೊಳ್ಳಲು ಬಯಸುತ್ತೇವೆ.

ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮೂರು ಫೇಸಿನ ಪಂಪುಗಳಿವೆ. ಇಂತಹ ಮೋಟಾರಿನ ಲೋಹದ ಕವಚಕ್ಕೆ ಎರಡು ಪ್ರತ್ಯೇಕ ಭೂಸಂಪರ್ಕಗಳು, ಅಂದರೆ ಅರ್ಥಿಂಗ್, ಇರತಕ್ಕದ್ದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದ್ದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ಸುರಕ್ಷತಾ ನಿಬಂಧನೆಗಳೂ ಅದನ್ನೇ ವಿಧಿಸಿದವು. ಒಂದು ತಂತಿ ತುಕ್ಕು ಹಿಡಿದು ತುಂಡಾದರೂ, ಕವಚಕ್ಕೆ ಸೋರಿದ ವಿದ್ಯುತ್ತಿಗೆ ನೆಲಕ್ಕಿಳಿಯಲು ಇನ್ನೊಂದು ದಾರಿಯಿರಲೆಂಬುದೇ ಇದರ ಆಶಯ. ದಾರಿಯಿಲ್ಲದಿದ್ದರೆ, ಒದ್ದೆಗೈಯಿಂದ ಮುಟ್ಟಿದವನ ಮೈಯೇ ಆ ದಾರಿಯಾಗುತ್ತದೆ.

ಈ ವಿಧಿಯನ್ನು ಇಂಗ್ಲಿಷಿನಲ್ಲಿ ಹೊತ್ತಿರುವ ಪದ ‘ಶಲ್’. ನಮ್ಮ ಮಕ್ಕಳು ಅದನ್ನು ಮೊದಲು ಕಾಣುವುದು ಭವಿಷ್ಯತ್ಕಾಲದ ಪಾಠದಲ್ಲಿ. ಆ ಅರ್ಥವನ್ನೇ ಹಿಡಿದರೆ ‘ಅರ್ಥಿಂಗ್ ಮಾಡಲಾಗುವುದು’ ಎಂದಾಗುತ್ತದೆ. ಯಾರೋ ಎಂದೋ ಮಾಡುವರೆಂದು ಕೈಕಟ್ಟಿ ಕುಳಿತಂತೆ! ತಾಂತ್ರಿಕ ಮಾನಕಗಳ ಪರಿಭಾಷೆಯಲ್ಲಿ ‘ಶಲ್’ ಎಂಬುದು ತಪ್ಪಿಸಲಾಗದ ವಿಧಿ, ‘ಶುಡ್’ ಶಿಫಾರಸು, ‘ಮೇ’ ಅನುಮತಿ, ‘ಕ್ಯಾನ್’ ಸಾಧ್ಯತೆ. ಮೀಮಾಂಸಕರು ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸಿದಂತೆಯೇ ಇದೂ ಒಂದು ವಿವೇಕ.

ಕನ್ನಡದಲ್ಲಿ ತೊಡಕು ಬರುವುದು ‘ಬೇಕು’ ಎಂಬಲ್ಲಿ. ಆಜ್ಞೆಗೂ ಅದೇ, ಹಿತವಚನಕ್ಕೂ ಅದೇ. ‘ಬಹುದು’ ಎಂಬುದೂ ಹಾಗೆಯೇ: ‘ಮಳೆ ಬರಬಹುದು’ ಎಂದರೆ ಸಂಭವ, ‘ಒಳಗೆ ಬರಬಹುದು’ ಎಂದರೆ ಅನುಮತಿ. ಆದರೆ ನಮ್ಮ ನುಡಿ ಬಡವೆಯಲ್ಲ. ವಿಧಿಗೆ ‘ತಕ್ಕದ್ದು’, ನಿಷೇಧಕ್ಕೆ ‘ಕೂಡದು’, ಶಿಫಾರಸಿಗೆ ‘ಒಳ್ಳೆಯದು’, ಅನುಮತಿಗೆ ‘ಅಡ್ಡಿಯಿಲ್ಲ’ ಎಂದು ನಿಯತವಾಗಿ ಬಳಸಿದರೆ ಸಂದೇಹಕ್ಕೆ ಎಡೆಯಿಲ್ಲ.

ಇಲ್ಲೊಂದು ಸೂಕ್ಷ್ಮವೂ ಉಂಟು. ಮಾನಕದೊಳಗಿನ ‘ತಕ್ಕದ್ದು’ ಆ ಮಾನಕವನ್ನು ಒಪ್ಪಿಕೊಂಡವನನ್ನು ಕಟ್ಟುತ್ತದೆ. ಮಾನಕವು ಎಲ್ಲರನ್ನೂ ಕಟ್ಟುವುದು ಸರಕಾರದ ಆಜ್ಞೆಯಿಂದ. ಗೃಹಬಳಕೆಯ ಪ್ರೆಶರ್ ಕುಕ್ಕರಿನ ಮಾನಕವಾದ ಐ.ಎಸ್. 2347 ಬಹುಕಾಲದಿಂದ ಇದ್ದಿತು. 2020ರ ಆಜ್ಞೆಯ ಮೂಲಕ 2021ನೆಯ ಫೆಬ್ರವರಿ 1ರಿಂದ ಅದು ಕಡ್ಡಾಯವಾಯಿತು. ಆದುದರಿಂದ ಕುಕ್ಕರನ್ನು ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡುವುದು ತಾಯಂದಿರ ಹಕ್ಕು.

ಗಡಿನಾಡಿನ ನಮ್ಮ ಮಕ್ಕಳು ಕನ್ನಡದಲ್ಲಿ ಓದಿ, ಮುಂದೆ ಕೈಕಸುಬಿನ ಪಾಠವನ್ನು ಇಂಗ್ಲಿಷಿನಲ್ಲಿ ಕಲಿತು, ಊರಿನ ಸೂಚನಾಫಲಕಗಳನ್ನು ಮಲಯಾಳದಲ್ಲಿ ಓದುವವರು. ಮೂರು ನುಡಿಗಳ ನಡುವೆ ಆಜ್ಞೆಯು ಸಲಹೆಯಾಗಿ ಸಡಿಲಬಾರದು. ಸುರಕ್ಷತಾ ವಿಧಿಗಳನ್ನು ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ ಮನೆಮನೆಗೆ ತಲುಪಿಸುವ ಕಾರ್ಯವನ್ನು ಸಂಘವು ಕೈಗೊಳ್ಳಲೆಂದು ಪ್ರಾರ್ಥಿಸುತ್ತೇವೆ. ಅದುವರೆಗೆ, ಪಂಪು ಜೋಡಿಸಲು ಬಂದವರನ್ನು ತೋಟದ ಯಜಮಾನರು ಒಂದು ಮಾತು ಕೇಳಲಿ: “ಅರ್ಥಿಂಗ್ ಎರಡೂ ಆಯಿತೇ?”